ವಾಪಸ್ ಕೊಟ್ಟ ಎರಡು ಚೀಟಿ

ಚೌಡತ್ತೆಯನ್ನು ಆಸ್ಪತ್ರೆಗೆ ಹೋಗದಂತೆ ತಡೆದವಳು ನಾನು. ಡಾಕ್ಟರು ತಡೆಯಲಿಲ್ಲ. ಎಸ್ಟೇಟಿನ ಹಾಜರಿ ಬರೆಯುವ ರೈಟರ್ ತಡೆಯಲಿಲ್ಲ. ಅವಳದೇ ಜಗಲಿಯ ಮೇಲೆ ಕೂತು, ಅವಳು ಕಾಸಿಕೊಟ್ಟ ಕಾಫಿ ಕುಡಿದು, ಅವಳ ಗಾಯ ನೋಡಿ, "ಇಷ್ಟಕ್ಕೆಲ್ಲ ಡಾಕ್ಟ್ರ ಹತ್ರ ಹೋಗ್ತಾರಾ ಅತ್ತೆ?" ಎಂದವಳು ನಾನು. ಈಗ ಅವಳಿಗೆ ಬಲಗಾಲಿಲ್ಲ.

ನನ್ನ ಹೆಸರು ನಯನಾ. ಹೆತ್ತೂರು ಕಡೆಯ ಹಳೇಕೆರೆ ಎಸ್ಟೇಟಿನ ಕೂಲಿ ಲೈನಿಗೂ ಅದರ ಕೆಳಗಿರುವ ನಮ್ಮ ಕಾಲೊನಿಗೂ ನಾನೇ ಆಶಾ ಕಾರ್ಯಕರ್ತೆ. ಎರಡೂ ಸೇರಿ ನೂರಾ ಹತ್ತು ಮನೆ. ಎಲ್ಲ ನಮ್ಮ ಜನವೇ. ಊರಿನ ಬಾವಿಯಿಂದ ದೂರ ಇಟ್ಟ ಜನ. ಚೌಡತ್ತೆ ನನ್ನ ಅಪ್ಪನ ತಂಗಿ. ನನಗೆ ಐದು ವರ್ಷವಾಗಿದ್ದಾಗ ಅವ್ವ ಸತ್ತಳು. ಆಮೇಲೆ ನನ್ನ ತಲೆ ಬಾಚಿದವಳು, ಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿ ಶಾಲೆಗೆ ಅಟ್ಟಿದವಳು ಚೌಡತ್ತೆ. ಗಂಡ ಬಿಟ್ಟುಹೋಗಿದ್ದ. ಮಕ್ಕಳಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಿಗ್ಗೆ ಸೊಂಟಕ್ಕೆ ಚೀಲ ಕಟ್ಟಿದರೆ ಸಂಜೆಗೆ ಬಿಚ್ಚುತ್ತಿದ್ದಳು. ತುಂಬಿದ ಮೂಟೆಯನ್ನು ತಲೆಯ ಮೇಲೆ ಹೊತ್ತು, ಜಾರುವ ಇಳಿಜಾರಿನಲ್ಲಿ ಹೆಬ್ಬೆರಳು ಊರಿ ಊರಿ ಕಣದ ತನಕ ಇಳಿಯುತ್ತಿದ್ದಳು. ಅವಳ ಕುತ್ತಿಗೆ ಮೂಟೆಯ ಭಾರಕ್ಕೆ ಒಂದು ಕಡೆ ವಾಲಿಕೊಂಡಿತ್ತು. ಆ ಕುತ್ತಿಗೆಯ ಮೇಲೆ ನಾನು ಎಸ್ಸೆಲ್ಸಿ ಪಾಸಾದೆ. ಆಶಾದವರ ಗುಲಾಬಿ ಸೀರೆ ಉಟ್ಟೆ.

ನಮಗಿರುವ ಆಸ್ಪತ್ರೆ ಕಾಡುಗದ್ದೆಯದು. ಲೈನಿನಿಂದ ಒಂಬತ್ತು ಕಿಲೋಮೀಟರ್. ಡಾಕ್ಟರು ಬರುವುದು ಸೋಮವಾರ, ಬುಧವಾರ, ಶುಕ್ರವಾರ. ಉಳಿದ ದಿನ ಅವರಿಗೆ ಬೇರೆ ಕಡೆ ಡ್ಯೂಟಿ. ಅವರ ಹೆಸರು ನವೀನ್‌ಕುಮಾರ್. ಆದರೆ ಆಸ್ಪತ್ರೆ ನಡೆಸುವುದು ವೀರಭದ್ರಯ್ಯ. ಹೊರರೋಗಿಗಳ ಕಿಟಕಿಯಲ್ಲಿ ಹೆಸರು ಬರೆಯುವವರು ಅವರೇ, ಮಾತ್ರೆ ಕೊಡುವವರು ಅವರೇ, ಯಾರು ಎಲ್ಲಿ ಕೂರಬೇಕು ಎನ್ನುವವರೂ ಅವರೇ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ವೀರಭದ್ರಯ್ಯ ನನ್ನನ್ನು ಕಿಟಕಿಯ ಹತ್ತಿರ ಕರೆದರು. ಮೊಹರು ಒತ್ತಿದ ಹಳದಿ ಚೀಟಿಗಳ ಕಟ್ಟು ಕೊಟ್ಟರು.

"ನೋಡಮ್ಮ, ಡಾಕ್ಟ್ರು ಒಬ್ರು. ಔಷಧಿ ಬರೋದು ಕೇಳಿದ್ದರಲ್ಲಿ ಅರ್ಧ. ಎಲ್ರೂ ಒಟ್ಟಿಗೆ ನುಗ್ಗಿದ್ರೆ ನಿಜವಾದ ಕಾಯಿಲೆಯೋರಿಗೆ ಸಿಗಲ್ಲ. ನಿಮ್ಮ ಲೈನಿಗೂ ಕಾಲೊನಿಗೂ ಸೇರಿ ದಿನಕ್ಕೆ ಆರು ಚೀಟಿ. ಚೀಟಿ ಇದ್ರೆ ಹೆಸರು ಬರೀತೀನಿ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನೋದು ನೀನು ನೋಡ್ಕೊ. ನೀನು ಓದಿದೋಳು."

ಓದಿದೋಳು ಎಂದರು. ಆ ಒಂದು ಮಾತಿಗೆ ನಾನು ಬಿದ್ದೆ. ಉಳಿದ ಊರುಗಳಿಗೂ ಹೀಗೇ ಇರಬೇಕು ಎಂದುಕೊಂಡೆ. ಕೇಳಲಿಲ್ಲ.

ಮರುವಾರದಿಂದಲೇ ನನ್ನ ಮನೆ ಬಾಗಿಲಲ್ಲಿ ಜನ. ಬೆಳಿಗ್ಗೆ ಆರೂವರೆಗೆ, ಎಸ್ಟೇಟಿನ ಗಂಟೆ ಹೊಡೆಯುವ ಮೊದಲು. ಹೆಂಗಸರು ಸೆರಗು ಸರಿಸಿ ಬೆನ್ನು ತೋರಿಸುತ್ತಿದ್ದರು. ಗಂಡಸರು ಅಂಗೈ ಚಾಚುತ್ತಿದ್ದರು. ಮುದುಕರು ನನ್ನ ಮುಂದೆ ಬೇಕೆಂದೇ ಕೆಮ್ಮುತ್ತಿದ್ದರು. ಕೆಮ್ಮು ಸಾಲದೇನೋ ಎಂದು ಇನ್ನೊಮ್ಮೆ ಕೆಮ್ಮುತ್ತಿದ್ದರು. ನಾನು ನೋಡುತ್ತಿದ್ದೆ. ನಿನಗೆ ಹೂಂ. ನಿನಗೆ ಬೇಡ. ನಿನಗೆ ಬುಧವಾರ. ಜನರ ನೋವನ್ನು ತೂಗುವುದನ್ನು ಕಲಿತೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ನನಗೆ ಅದು ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ, ತುಂಬಾ ಹಿತವಾಗಿತ್ತು.

ಮೂರು ತಿಂಗಳಾದ ಮೇಲೆ ಬಾಗಿಲಿಗೆ ಬರುವವರು ಕಮ್ಮಿಯಾದರು. ಕಾಯಿಲೆ ಕಮ್ಮಿಯಾಗಿರಲಿಲ್ಲ. ತಮ್ಮನ್ನು ತಾವೇ ತೂಗಿಕೊಳ್ಳುವುದನ್ನು ಜನ ಕಲಿತಿದ್ದರು. ಪಕ್ಕದ ಮನೆಯ ದ್ಯಾವಯ್ಯ ಎರಡು ತಿಂಗಳಿಂದ ಕೆಮ್ಮುತ್ತಿದ್ದ. ಕರೆದರೆ ಕೈ ಅಲ್ಲಾಡಿಸುತ್ತಿದ್ದ. "ನಂದೇನವ್ವ, ಒಣಗಿದ ಮರ. ಹಸುಗೂಸಿರೋರಿಗೆ ಕೊಡು." ಎಲ್ಲರ ಬಾಯಲ್ಲೂ ಇದೇ. ನನಗಿಂತ ಕಷ್ಟದಲ್ಲಿ ಇರೋರು ಅವ್ರೆ. ನಾನು ತಗಂಡ್ರೆ ಅವ್ರಿಗೆ ಕಮ್ಮಿಯಾಯ್ತದೆ. ಆಸ್ಪತ್ರೆ ಎನ್ನುವುದು ಒಂದೇ ಮಡಕೆ ಗಂಜಿ, ಒಬ್ಬರು ಕುಡಿದರೆ ಇನ್ನೊಬ್ಬರಿಗಿಲ್ಲ ಎಂದು ನಂಬಿಬಿಟ್ಟಿದ್ದರು. ನಂಬಿಸಿದವಳು ನಾನು.

ಚೀಟಿ ಉಳಿಯತೊಡಗಿತು. ಉಳಿದದ್ದನ್ನು ವೀರಭದ್ರಯ್ಯನವರಿಗೆ ವಾಪಸ್ ಕೊಡುತ್ತಿದ್ದೆ. ತಿಂಗಳ ಮೀಟಿಂಗಿನಲ್ಲಿ ಅವರು ಎಲ್ಲರೆದುರು ಹೇಳಿದರು: "ನಯನಾನ ನೋಡಿ ಕಲೀರಿ. ಒಂದು ಸಲಾನೂ ಆಸ್ಪತ್ರೆಗೆ ಜನ ನುಗ್ಗಿಸಿಲ್ಲ. ಚೀಟಿ ಉಳಿಸ್ತಾಳೆ." ಅವತ್ತು ನನಗೆ ಕೂರಲು ಕುರ್ಚಿ ಹಾಕಿದರು. ಆ ಆಸ್ಪತ್ರೆಯಲ್ಲಿ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಲೈನಿನ ಸ್ಟೋರ್ ಮುಂದೆ ಸಕ್ಕರೆ ಕಾಯಿಲೆ ಪರೀಕ್ಷೆಯ ಕ್ಯಾಂಪ್ ಮಾಡಿಸಿದೆ. ಬೆರಳು ಚುಚ್ಚಿ ನೋಡುವ ಪಟ್ಟಿಗಳು ಬಂದದ್ದು ಇಪ್ಪತ್ತು ಮಾತ್ರ. ಚೌಡತ್ತೆ ಹತ್ತೊಂಬತ್ತನೆಯವಳಾಗಿ ನಿಂತಿದ್ದಳು. ಸರದಿಯ ಕೊನೆಯಲ್ಲಿ ಬಸುರಿ ಲಕ್ಷ್ಮಿ ನಿಂತಿದ್ದಳು. ಚೌಡತ್ತೆ ಸರದಿ ಬಿಟ್ಟು ಈಚೆ ಬಂದಳು.

"ಲಕ್ಷ್ಮಿಗೆ ನೋಡಿ. ಎರಡು ಜೀವ ಐತೆ. ನನ್ ರಕ್ತ ಎಲ್ಲಿಗೋಯ್ತದೆ?"

ಒಳ್ಳೆಯವಳು ನನ್ನ ಅತ್ತೆ ಎಂದು ಹೆಮ್ಮೆಪಟ್ಟೆ. ಅವಳ ಪಾದಗಳು ಜೋಮು ಹಿಡಿದು ಒಂದು ವರ್ಷವಾಗಿತ್ತು, ಒಲೆಯ ಕೆಂಡ ತುಳಿದರೂ ತಿಳಿಯುತ್ತಿರಲಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಜುಲೈನಲ್ಲಿ ಕಳೆ ಹೊಡೆಯುವ ಕೆಲಸ ಬಿತ್ತು. ಹದಿನೈದು ದಿನದಿಂದ ಬಿಡದ ಮಳೆ. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ, ಕಾಲಿಗೆ ಸವೆದ ಹವಾಯಿ ಚಪ್ಪಲಿ. ರೈಟರಿಗೆ ಬೂಟು ಇತ್ತು. ಆಳುಗಳಿಗಿರಲಿಲ್ಲ. ಒಂದು ಸೋಮವಾರ, ಓರೆಯಾಗಿ ಕಡಿದ ಲಾಂಟಾನದ ಕೂಳೆ ಚೌಡತ್ತೆಯ ಚಪ್ಪಲಿ ತೂರಿ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಹೊಕ್ಕಿತು. ಅವಳಿಗೆ ನೋವಾಗಲಿಲ್ಲ. ಸಂಜೆ ಚಪ್ಪಲಿ ಬಿಚ್ಚಿದಾಗ ರಕ್ತ ನೋಡಿದಳು. ಅರಿಶಿನ ಮೆತ್ತಿ ಬಟ್ಟೆ ಸುತ್ತಿದಳು. ಮಂಗಳವಾರ ಕೆಸರಿಗಿಳಿದಳು. ಬುಧವಾರ, ಗುರುವಾರವೂ ಇಳಿದಳು.

ಶುಕ್ರವಾರ ಬೆಳಿಗ್ಗೆ ಅವಳ ಮನೆಗೆ ಹೋದೆ. ಕಾಫಿ ಕೊಟ್ಟಳು. ಆಮೇಲೆ ಬಟ್ಟೆ ಬಿಚ್ಚಿ ಪಾದ ಮುಂದೆ ಚಾಚಿದಳು. ಹೆಬ್ಬೆರಳು ಕೆಂಪಗೆ ಊದಿತ್ತು. ಬುಡದಲ್ಲಿ ತೂತು. ಸ್ವಲ್ಪ ಕೀವು.

"ಚೀಟಿ ಉಳ್ದಿದ್ರೆ ಒಂದು ಕೊಡು ಕೂಸೆ. ಇಲ್ದಿದ್ರೆ ಬ್ಯಾಡ."

ಅವಳು ನನ್ನಲ್ಲಿ ಚೀಟಿ ಕೇಳಿದ್ದು ಅದೊಂದೇ ಸಲ. ಹತ್ತು ತಿಂಗಳಲ್ಲಿ ಅದೊಂದೇ.

ನನ್ನ ಬ್ಯಾಗಿನಲ್ಲಿ ಎರಡು ಚೀಟಿ ಇದ್ದವು.

"ನೋವೈತಾ?" ಎಂದೆ.

"ನೋವೇನಿಲ್ಲ ಕಣವ್ವ. ಅದ್ಕೇ ಒಸಿ ಹೆದ್ರಿಕೆ."

"ನೋವಿಲ್ಲ ಅಂದ್ರೆ ಇಷ್ಟಕ್ಕೆಲ್ಲ ಡಾಕ್ಟ್ರ ಹತ್ರ ಹೋಗ್ತಾರಾ ಅತ್ತೆ? ಉಪ್ಪುನೀರಲ್ಲಿ ತೊಳ್ಕೊ. ಚೀಟಿ ಎಲ್ಲ ಕೊಟ್ಬುಟ್ಟೆ. ಉಳಿದಿಲ್ಲ."

"ಹಂಗಾದ್ರೆ ಬುಡು. ಬ್ಯಾರೆಯೋರ್ದು ನಂಗ್ಯಾಕೆ," ಎಂದು ಬಟ್ಟೆ ಸುತ್ತಿಕೊಂಡಳು.

ಯಾಕೆ ಹಾಗೆ ಹೇಳಿದೆ? ಮೊದಮೊದಲು ನನಗೆ ನಾನೇ ಒಂದು ಕಾರಣ ಹೇಳಿಕೊಂಡೆ. ಸ್ವಂತ ಅತ್ತೆಗೆ ಕೊಟ್ಟಳು ಎಂದು ಜನ ಆಡಿಕೊಳ್ಳಬಾರದು ಎಂದು. ಅದು ನೆಪ. ಮಾರನೇ ದಿನ ಮೀಟಿಂಗ್ ಇತ್ತು. ಆ ವಾರ ನಾನಿನ್ನೂ ಒಂದು ಚೀಟಿಯನ್ನೂ ಉಳಿಸಿರಲಿಲ್ಲ. ಅಷ್ಟೇ. ಹನ್ನೊಂದು ಗಂಟೆಗೆ ಜೀಪು ಹತ್ತಿ ಆಸ್ಪತ್ರೆಗೆ ಹೋಗಿ ಎರಡು ಚೀಟಿಯನ್ನೂ ವೀರಭದ್ರಯ್ಯನವರ ಕೈಗಿಟ್ಟೆ. ಅವರು ನಕ್ಕರು. ನಾನೂ ನಕ್ಕೆ.

ಮುಂದಿನ ವಾರ ನನಗೆ ಆಲೂರಿನಲ್ಲಿ ನಾಲ್ಕು ದಿನದ ತರಬೇತಿ. ಗುರುವಾರ ಸಂಜೆ ತಿರುಗಿ ಬಂದೆ. ಶುಕ್ರವಾರ ಬೆಳಿಗ್ಗೆ ದ್ಯಾವಯ್ಯ ಕೆಮ್ಮುತ್ತ ಓಡಿಬಂದ.

"ಚೌಡಿ ಎದ್ದಿಲ್ಲ ಕಣವ್ವ. ಮೈ ಸುಡ್ತಾ ಐತೆ. ಮನೆ ತುಂಬ ಏನೋ ನಾತ."

ಆ ನಾತ ನನಗೆ ಹೊಸ್ತಿಲಲ್ಲೇ ಬಡಿಯಿತು. ಕಂಬಳಿ ಎತ್ತಿದೆ. ಎರಡು ಬೆರಳು ಇದ್ದಿಲಿನಂತೆ ಕಪ್ಪಗಾಗಿದ್ದವು. ಪಾದದ ಮೇಲಿನ ಚರ್ಮ ನೀರು ತುಂಬಿ ಹೊಳೆಯುತ್ತಿತ್ತು. ಕೆಂಪು ಮೊಣಕಾಲಿನ ತನಕ ಏರಿತ್ತು. ಚೌಡತ್ತೆ ಕಣ್ಣು ಬಿಟ್ಟು ನನ್ನ ಗುಲಾಬಿ ಸೀರೆ ನೋಡಿದಳು.

"ಇವತ್ತು ಎಲ್ರಿಗೂ ಹಂಚಾಯ್ತಾ?" ಎಂದಳು. "ಉಳ್ದಿದ್ರೆ ನೋಡು. ಅವಸರ ಇಲ್ಲ."

ನಾನು ಮತ್ತು ದ್ಯಾವಯ್ಯ ಅವಳನ್ನು ಕಂಬಳಿಯಲ್ಲಿ ಹೊತ್ತು ಜೀಪಿಗೆ ಹಾಕಿದೆವು. ಕಾಡುಗದ್ದೆ ಮುಟ್ಟಿದಾಗ ಹತ್ತು ಗಂಟೆ. ಕಿಟಕಿಗೆ ಹೋದೆ.

"ಚೀಟಿ?" ಎಂದರು ವೀರಭದ್ರಯ್ಯ, ತಲೆ ಎತ್ತದೆ.

"ನಾನು ಊರಲ್ಲಿರಲಿಲ್ಲ ಸಾರ್. ನಿನ್ನೆ ಸಂಜೆ ಬಂದು ಆರೂ ಕೊಟ್ಬಿಟ್ಟಿದ್ದೆ. ಇದು ಸೀರಿಯಸ್ ಐತೆ."

"ಎಲ್ರೂ ಸೀರಿಯಸ್ಸೇ. ನಿಯಮ ನಿನಗೇ ಗೊತ್ತು. ಆಚೆ ಕೂರ್ಸು. ಕೊನೇಲಿ ನೋಡಣ."

ಆಚೆ ಎಂದರೆ ಹಿಂದಿನ ಜಗಲಿ. ತಗಡಿನ ಮಾಡು, ಬೆಂಚಿಲ್ಲ. ನಮ್ಮ ಜನ ಕೂರುವುದು ಅಲ್ಲೇ. ನಾನು ಕೂಗಾಡಬೇಕಿತ್ತು. ಡಾಕ್ಟರ ಕೋಣೆಗೆ ನುಗ್ಗಬೇಕಿತ್ತು. ಆ ಕೋಣೆಯ ಬಾಗಿಲು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ನಿಯಮ ನನಗೇ ಗೊತ್ತಿತ್ತಲ್ಲ. ಹತ್ತು ತಿಂಗಳು ಇದೇ ನಿಯಮವನ್ನು ನಾನೇ ಬೇರೆಯವರಿಗೆ ಹೇಳಿದ್ದೆ. ಬಾಯಿ ಏಳಲಿಲ್ಲ. ಚೌಡತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮುಂಬಾಗಿಲಿನಿಂದ ಊರಿನವರು ಬಂದರು, ಹೋದರು. ಒಬ್ಬರು ಬಿಪಿ ನೋಡಿಸಿಕೊಳ್ಳಲು ಬಂದಿದ್ದರು. ಒಬ್ಬರು ಟಾನಿಕ್ ಬರೆಸಿಕೊಳ್ಳಲು. ಅವರ ಕೈಯಲ್ಲಿ ಹಳದಿ ಚೀಟಿ ಇರಲಿಲ್ಲ. ಅದನ್ನು ಕಣ್ಣು ನೋಡಿತು. ತಲೆಗೆ ಹೋಗಲಿಲ್ಲ.

ಹನ್ನೆರಡೂವರೆಗೆ ಡಾಕ್ಟರು ಹಿಂದಿನ ಜಗಲಿಗೆ ಬಂದರು. ಬಟ್ಟೆ ಬಿಚ್ಚಿಸಿದರು. ಮುಖ ಹಿಂದಕ್ಕೆ ಎಳೆದುಕೊಂಡರು.

"ಹತ್ತು ದಿನ ಏನ್ ಮಾಡ್ತಿದ್ರಿ? ನಿಮ್ಮ ಜನದ್ದು ಇದೇ ಕತೆ. ಕೊಳೆಯೋ ತನಕ ಮನೇಲಿ ಇಟ್ಕೊಂಡು ಆಮೇಲೆ ತಂದು ನಮ್ಮ ತಲೆಗೆ ಕಟ್ತೀರಿ. ಬುದ್ಧಿ ಯಾವಾಗ ಬರುತ್ತೆ ನಿಮಗೆ?"

ಚೌಡತ್ತೆ ಮಲಗಿದ್ದಲ್ಲಿಂದಲೇ ಎರಡು ಕೈ ಜೋಡಿಸಿದಳು.

"ತೆಪ್ಪಾಯ್ತು ಬುದ್ಧಿ. ಡಾಕ್ಟ್ರಿಗೆ ಕೆಲ್ಸ ಜಾಸ್ತಿ ಅಂತ ಬರ್ನಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳ್ಬಾರ್ದಾ? ಆಶಾ ಅಂತ ಯಾಕಿರೋದು?"

ನಾನು ನೆಲ ನೋಡಿದೆ. ಅವಳು ಕೈ ಮುಗಿದೇ ಇದ್ದಳು. ತಪ್ಪು ನನ್ನದು. ಕೈ ಮುಗಿದವಳು ಅವಳು. ನಾನು ಬಾಯಿ ಬಿಡಲಿಲ್ಲ. ಕಾಲು ಕಳೆದದ್ದಕ್ಕಿಂತ ಆ ಗಳಿಗೆ ನನ್ನನ್ನು ಹೆಚ್ಚು ಸುಡುತ್ತದೆ.

ಆಂಬುಲೆನ್ಸ್ ಬಂದು ಹಾಸನಕ್ಕೆ ಕರೆದೊಯ್ದಿತು. ಅಲ್ಲಿ ರಕ್ತ ನೋಡಿದರು. ಸಕ್ಕರೆ ನಾನೂರರ ಮೇಲಿತ್ತು. ಎಷ್ಟೋ ವರ್ಷದ ಕಾಯಿಲೆ ಎಂದರು. ಮಾರನೇ ದಿನ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಲ್ಲಿನ ಡಾಕ್ಟರಮ್ಮ, ಇನ್ನೂ ಹುಡುಗಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಒಂದು ವಾರ ಮೊದ್ಲು ಬಂದಿದ್ರೆ ಬಹುಶಃ ಒಂದು ಬೆರಳಿಗೇ ಮುಗೀತಿತ್ತು."

ಒಂದು ವಾರ ಮೊದಲು ಶುಕ್ರವಾರವಾಗಿತ್ತು. ನನ್ನ ಬ್ಯಾಗಿನಲ್ಲಿ ಎರಡು ಚೀಟಿ ಇದ್ದವು.

ಚೌಡತ್ತೆಗೆ ಎಚ್ಚರವಾದಾಗ ಕೆಳಗೆ ಕೈ ಹಾಕಿ ತಡವಿದಳು. ಇರುವ ತನಕ ತಡವಿದಳು. ಆಮೇಲೆ ಹಾಸಿಗೆ ತಡವಿದಳು. ಅಳಲಿಲ್ಲ. "ಈ ಮಂಚ ಬ್ಯಾರೆ ಯಾರ್ಗಾದ್ರೂ ಬೇಕಾಗಿತ್ತೇನೋ," ಎಂದಳು. "ನನ್ನ ಬಿರ್ನೆ ಕಳ್ಸೋಕೆ ಹೇಳು." ನಾನು ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡೆ.

ಅವಳನ್ನು ಲೈನಿಗೆ ಕರೆತಂದ ಮೇಲೆ ಆಸ್ಪತ್ರೆಯಲ್ಲಿ ಮೀಟಿಂಗ್ ಇತ್ತು. ನಾನು ಡಾಕ್ಟರ ಕೋಣೆಗೆ ಹೋದೆ.

"ಸಾರ್, ನಮ್ಮ ಲೈನಿಗೆ ಆರು ಚೀಟಿ ಸಾಲಲ್ಲ. ಹತ್ತು ಮಾಡಿ."

ಅವರು ಕನ್ನಡಕ ತೆಗೆದರು. "ಯಾವ ಚೀಟಿ?"

ನಾನು ಹೇಳಿದೆ. ಅವರು ಕೇಳಿದರು. ಅವರಿಗೆ ಪೂರ್ತಿ ಗೊತ್ತಿರಲಿಲ್ಲ ಎನ್ನಲಾರೆ, ಗೊತ್ತಿತ್ತು ಎಂದೂ ಆಣೆ ಇಡಲಾರೆ. "ಯಾರನ್ನೂ ವಾಪಸ್ ಕಳಿಸಿ ಅಂತ ನಾನು ಹೇಳಿಲ್ಲಮ್ಮ. ವೀರಭದ್ರಯ್ಯ ಗಲಾಟೆ ಆಗ್ಬಾರ್ದು ಅಂತ ಏನೋ ವ್ಯವಸ್ಥೆ ಮಾಡ್ಕೊಂಡಿರ್ಬೇಕು," ಎಂದರು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ನಾನು ಕಿಟಕಿಯ ಕೋಣೆಯೊಳಗೆ ಹೋಗಿ ಹೊರರೋಗಿಗಳ ಪುಸ್ತಕ ಎಳೆದುಕೊಂಡೆ. ವೀರಭದ್ರಯ್ಯ ಬೇಡ ಬೇಡ ಎನ್ನುವಷ್ಟರಲ್ಲಿ ನಾನು ಎರಡು ಚೀಟಿ ವಾಪಸ್ ಕೊಟ್ಟ ಶುಕ್ರವಾರದ ಹಾಳೆ ತೆಗೆದೆ. ಇಪ್ಪತ್ತಮೂರು ಹೆಸರು. ಡಾಕ್ಟರು ನೋಡಿದ್ದು ಇಪ್ಪತ್ತಮೂರೇ ಜನ. ಕೊನೆಯ ಹೆಸರಿನ ಮುಂದೆ ಹನ್ನೆರಡು ಗಂಟೆ ಎಂದಿತ್ತು. ಡ್ಯೂಟಿ ಒಂದೂವರೆ ತನಕ.

"ಜಾಗ ಇತ್ತು," ಎಂದೆ. "ಡಾಕ್ಟ್ರು ಖಾಲಿ ಕೂತಿದ್ರು."

"ಮೆಲ್ಲಗೆ ಮಾತಾಡು," ಎಂದರು ವೀರಭದ್ರಯ್ಯ.

"ಬೇರೆ ಯಾವ ಊರಿಗೆ ಚೀಟಿ ಐತೆ? ಹೇಳಿ ಸಾರ್."

ಅವರು ಎದ್ದು ಬಾಗಿಲು ಅರ್ಧ ಮುಚ್ಚಿದರು. "ನೋಡು ನಯನಾ, ಊರೋರು ಬಂದು ಹೇಳಿದ್ರು. ಲೈನ್ ಜನ ಒಂದೇ ಸಲ ಬಂದು ಬೆಂಚ್ ಮೇಲೆಲ್ಲ ಕೂತ್ರೆ, ಕೆಸರು, ಒದ್ದೆ ಕಂಬಳಿ ವಾಸನೆ. ದೊಡ್ಡ ಮನೆ ಹೆಂಗಸರು ಎಲ್ಲಿ ಕೂರ್ಬೇಕು? ನಾನು ಯಾರಿಗೂ ಇಲ್ಲ ಅಂದಿಲ್ಲ. ದಿನಕ್ಕೆ ಆರು ಜನ ಬನ್ನಿ ಅಂದೆ. ನೀನೇ ಒಪ್ಕೊಂಡು ಹಂಚ್ದೆ. ಅದ್ರಲ್ಲೂ ಉಳಿಸಿ ತಂದ್ಕೊಟ್ಟೆ. ನಾನು ಕೇಳಿದ್ನಾ ವಾಪಸ್ ಕೊಡು ಅಂತ?"

ಕೇಳಿರಲಿಲ್ಲ. ಅದು ನಿಜ. ಕೆನ್ನೆಗೆ ಹೊಡೆದಂತಾಯಿತು. ಕೊರತೆ ಇರಲಿಲ್ಲ. ಮಡಕೆಯಲ್ಲಿ ಗಂಜಿ ಇತ್ತು. ನಮ್ಮ ಜನ ಬೆಂಚಿನ ಮೇಲೆ ಕೂರಬಾರದು, ಅಷ್ಟೇ. ಆ ಕೆಲಸವನ್ನು ನಮ್ಮವಳ ಕೈಯಿಂದಲೇ ಮಾಡಿಸಿದರು. ಒಂದು ಕುರ್ಚಿ ಹಾಕಿ ಮಾಡಿಸಿದರು.

ಬ್ಯಾಗಿನಲ್ಲಿದ್ದ ಚೀಟಿಯ ಕಟ್ಟನ್ನು ಅವರ ಮೇಜಿನ ಮೇಲೆ ಎಸೆದೆ.

"ಇನ್ಮೇಲೆ ನಾನು ಹಂಚಲ್ಲ. ನಮ್ಮ ಜನ ಯಾವತ್ತು ಬೇಕೋ ಅವತ್ತು ಬರ್ತಾರೆ. ಮುಂಬಾಗಿಲಿಂದ ಬರ್ತಾರೆ."

"ಕೆಲಸ ಬೇಕೋ ಬೇಡ್ವೋ ಯೋಚ್ನೆ ಮಾಡು."

"ನೀವು ಬರ್ಕೊಳ್ಳಿ. ನನ್ನ ಮೇಲೆ ಏನ್ ಬರ್ಕೊಳ್ತೀರೋ ಬರ್ಕೊಳ್ಳಿ."

ಅಂದು ನಾನು ಏನೋ ದೊಡ್ಡದು ಮಾಡಿದೆ ಎಂದುಕೊಂಡು ಲೈನಿಗೆ ಬಂದೆ. ಮನೆ ಮನೆಗೆ ಹೋಗಿ ಹೇಳಿದೆ. ಚೀಟಿ ಇಲ್ಲ, ಸೋಮವಾರ ಎಲ್ಲ ಹೋಗೋಣ, ಯಾರಿಗೆ ಏನಿದ್ದರೂ ಬನ್ನಿ. ಸೋಮವಾರ ಜೀಪಿನ ಹತ್ತಿರ ಕಾದೆ. ಒಬ್ಬರೂ ಬರಲಿಲ್ಲ.

ದ್ಯಾವಯ್ಯನ ಕೈ ಹಿಡಿದು ಎಳೆದೆ. ಬಿಡಿಸಿಕೊಂಡ.

"ಬ್ಯಾಡ ಕಣವ್ವ. ನಾವೆಲ್ಲ ನುಗ್ಗಿದ್ರೆ ಪಾಪ, ಸಣ್ಣ ಮಕ್ಳಿಗೆ ಔಷ್ದಿ ಸಾಲ್ದು. ನೀನೇ ಹೇಳ್ತಿದ್ದೆಯಲ್ಲ."

ಲಕ್ಷ್ಮಿ ಹೆತ್ತು ಮೂರು ತಿಂಗಳಾಗಿತ್ತು. ಮೊಲೆ ಬಾತು ಜ್ವರ ಬಂದಿತ್ತು. "ನಂಗಿಂತ ಕಷ್ಟದೋರು ಅವ್ರೆ ಅಕ್ಕ," ಎಂದಳು. ನನ್ನ ಮಾತು, ನನ್ನದೇ ಧ್ವನಿ, ನೂರಾ ಹತ್ತು ಮನೆಯಿಂದ ನನಗೇ ವಾಪಸ್ ಬರುತ್ತಿತ್ತು. ಮೇಜಿನ ಮೇಲೆ ಎಸೆದು ಬಂದದ್ದು ಕಾಗದ ಮಾತ್ರ. ಚೀಟಿ ಇವರ ಒಳಗಿತ್ತು. ಅದನ್ನು ಇಟ್ಟವಳು ನಾನು. ನಾನೇ ತೆಗೆಯಬೇಕು. ತೆಗೆಯಲು ಒಂದೇ ದಾರಿ ಇತ್ತು. ಆ ದಾರಿಗೆ ನನಗೆ ಧೈರ್ಯ ಬರಲು ಇನ್ನೂ ಆರು ದಿನ ಬೇಕಾಯಿತು.

ಭಾನುವಾರ ಮಧ್ಯಾಹ್ನ. ಮಳೆ ಬಿಟ್ಟಿತ್ತು. ಜನ ಜಗಲಿಗಳ ಮೇಲೆ ಕೂತಿದ್ದರು. ಚೌಡತ್ತೆ ತನ್ನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಊರುಗೋಲು. ನಾನು ಅಂಗಳದ ನಡುವೆ ನಿಂತೆ.

"ಎಲ್ರೂ ಕೇಳಿ," ಎಂದೆ. "ಡಾಕ್ಟ್ರಿಗೆ ಪುರುಸೊತ್ತಿಲ್ಲ ಅನ್ನೋದು ಸುಳ್ಳು. ಔಷಧಿ ನಮ್ಮಿಂದ ಖಾಲಿಯಾಗುತ್ತೆ ಅನ್ನೋದು ಸುಳ್ಳು. ಚೀಟಿ ಇದ್ದದ್ದು ನಮಗೊಬ್ರಿಗೇ. ನಾವು ಬೆಂಚಿನ ಮೇಲೆ ಕೂರ್ತೀವಿ ಅಂತ. ಬೇರೆ ಯಾರಿಗೂ ಚೀಟಿ ಇಲ್ಲ."

ನಾನು ಚೌಡತ್ತೆಯ ಕಡೆ ತಿರುಗಿದೆ.

"ಅತ್ತೆ, ನಿನ್ನ ಕಾಲು ತೋರ್ಸಿ ಚೀಟಿ ಕೇಳಿದ್ದೆಯಲ್ಲ, ಅವತ್ತು ಇಲ್ಲ ಅಂದೆ. ಇದ್ವು. ಎರಡು ಇದ್ವು."

ಅಕ್ಕಿಯಲ್ಲಿದ್ದ ಅವಳ ಬೆರಳು ನಿಂತಿತು.

"ಎರಡಿದ್ವಾ?"

"ಇದ್ವು."

"ಯಾರ್ಗೆ ಕೊಟ್ಟೆ?"

ಯಾವುದೋ ಕೂಸಿಗೆ ಕೊಟ್ಟೆ ಎಂದಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು. ಅದಕ್ಕೇ ಕೇಳಿದಳು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳು ಆ ಉತ್ತರಕ್ಕೇ ಕಾಯುತ್ತಿದ್ದಳು.

"ಯಾರ್ಗೂ ಇಲ್ಲ. ವೀರಭದ್ರಯ್ಯಂಗೆ ವಾಪಸ್ ಕೊಟ್ಟೆ. ಭೇಷ್ ಅನ್ನಿಸ್ಕೊಳಕೆ."

ಅವಳು ಮೊರ ಎತ್ತಿ ನನ್ನ ಮುಖಕ್ಕೆ ಬೀಸಿದಳು. ಅಕ್ಕಿ ಅಂಗಳದ ತುಂಬ ಚೆಲ್ಲಿತು. ಮೊರದ ಅಂಚು ನನ್ನ ಹುಬ್ಬು ಸೀಳಿತು.

"ನಾನು ಅವಂಗೆ ಕೈ ಮುಗ್ದೆ ಕಣೆ!" ಎಂದು ಕಿರುಚಿದಳು. ಅವಳ ನಲವತ್ತೆಂಟು ವರ್ಷದ ಬದುಕಿನಲ್ಲಿ ಅವಳು ಕಿರುಚಿದ್ದನ್ನು ಲೈನಿನಲ್ಲಿ ಯಾರೂ ಕೇಳಿರಲಿಲ್ಲ. "ಕಾಲು ಕೊಳ್ತು ನಾರ್ತಾ ಇದ್ರೂ ತೆಪ್ಪಾಯ್ತು ಅಂತ ಕೈ ಮುಗ್ದೆ! ನೀನು ಪಕ್ಕದಲ್ಲೇ ಕುಂತಿದ್ದೆ! ಬಾಯಲ್ಲಿ ಏನಿಟ್ಕೊಂಡಿದ್ದೆ? ಎದ್ದೋಗು! ನನ್ ಮುಂದೆ ನಿಲ್ಬ್ಯಾಡ!"

ರಕ್ತ ಒರೆಸಿಕೊಂಡು ಹೋದೆ. ಹನ್ನೊಂದು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಅನ್ನ ಇಟ್ಟು ಬಂದರೆ ತಟ್ಟೆ ಹಾಗೇ ಹೊರಗಿರುತ್ತಿತ್ತು. ಆ ನಡುವೆ ನನಗೆ ನೋಟಿಸ್ ಬಂತು, ಅವಿಧೇಯತೆ ಎಂದು ಬರೆದಿದ್ದರು. ಲಕ್ಷ್ಮಿಯನ್ನು ಅವಳ ಗಂಡನೇ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದ. ಅದನ್ನು ನನಗೆ ಬೇರೆಯವರು ಹೇಳಿದರು.

ಹನ್ನೆರಡನೆಯ ದಿನ ಶುಕ್ರವಾರ. ಬೆಳಿಗ್ಗೆ ಎಂಟಕ್ಕೆ ದ್ಯಾವಯ್ಯ ಬಂದು ಬಾಗಿಲು ತಟ್ಟಿದ. "ಚೌಡಿ ಕರೀತಾವ್ಳೆ. ಜೀಪಿನ ತಾವ."

ಅವಳು ಜೀಪಿನ ಹಿಂದೆ ಊರುಗೋಲು ಊರಿ ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಸುತ್ತ ಹದಿಮೂರು ಜನ. ನನ್ನ ಮುಖ ನೋಡದೆ ಹೇಳಿದಳು.

"ಆಸ್ಪತ್ರೆಗೆ ಹೊಂಟಿವ್ನಿ. ನೀನೂ ಬಾ. ದೂರ ನಿಂತ್ಕೊ. ನೋಡು, ಸಾಕು."

ಕಾಡುಗದ್ದೆಯಲ್ಲಿ ಅವಳು ಹಿಂದಿನ ಜಗಲಿಯ ಕಡೆ ತಿರುಗಲಿಲ್ಲ. ಮುಂಬಾಗಿಲಿಗೆ ನಾಲ್ಕು ಮೆಟ್ಟಿಲು. ಒಂದೊಂದಕ್ಕೂ ನಿಂತು, ಕೋಲು ಊರಿ, ಮೈ ಎತ್ತಿ ಹತ್ತಿದಳು. ಯಾರೂ ಹಿಡಿಯಬಾರದು ಎಂದಿದ್ದಳು. ಕೋಲಿನ ತುದಿಗೆ ಕೆಸರು ಮೆತ್ತಿತ್ತು. ಒರೆಸಿದ ನೆಲದ ಮೇಲೆ ದುಂಡು ದುಂಡು ಗುರುತು ಬಿದ್ದವು. ಬೆಂಚಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ಅವಳು ಅವರ ಪಕ್ಕ ಕೂತಳು. ಒಬ್ಬಳು ಎದ್ದು ಹೋಗಿ ಗೋಡೆಯ ಹತ್ತಿರ ನಿಂತಳು. ಆ ಜಾಗದಲ್ಲಿ ದ್ಯಾವಯ್ಯ ಕೂತ.

ವೀರಭದ್ರಯ್ಯ ಕಿಟಕಿಯಿಂದ ಈಚೆ ಬಂದರು. "ಇಲ್ಲೆಲ್ಲ ಕೂರಂಗಿಲ್ಲ. ಚೀಟಿ ಎಲ್ಲಿ?"

"ಇಲ್ಲ," ಎಂದಳು ಚೌಡತ್ತೆ. "ಹೆಸ್ರು ಬರ್ಕೊಳಿ. ಚೌಡಮ್ಮ."

"ಚೀಟಿ ಇಲ್ದೆ..."

"ಚೌಡಮ್ಮ," ಎಂದಳು ಇನ್ನೊಮ್ಮೆ. "ಇವನು ದ್ಯಾವಯ್ಯ. ಅದ್ನೂ ಬರ್ಕೊಳಿ. ಅಲ್ಲಿ ಇನ್ನೂ ಹನ್ನೆರಡು ಜನ ಅವ್ರೆ."

ಅವರು ನನ್ನ ಕಡೆ ನೋಡಿದರು. ನಾನು ಬಾಗಿಲ ಹತ್ತಿರ, ಹೇಳಿದಷ್ಟು ದೂರದಲ್ಲಿ ನಿಂತಿದ್ದೆ. ನನ್ನ ಹಿಂದೆ ನಮ್ಮ ಜನ ಮೆಟ್ಟಿಲು ಹತ್ತುತ್ತಿದ್ದರು. ಗದ್ದಲ ಕೇಳಿ ಡಾಕ್ಟರು ಕೋಣೆಯಿಂದ ತಲೆ ಹಾಕಿದರು. ವೀರಭದ್ರಯ್ಯ ಹೋಗಿ ಪುಸ್ತಕ ತೆರೆದರು. ಬರೆದರು.

ಅವಳ ಸರದಿ ಬಂದಾಗ ಕೋಣೆಯ ಪರದೆ ಎಳೆದಿರಲಿಲ್ಲ. ನಾನು ನಿಂತಲ್ಲಿಗೆ ಎಲ್ಲ ಕಾಣುತ್ತಿತ್ತು.

"ಏನಮ್ಮ, ಕಾಲಿನ ಗಾಯ ನೋಯ್ತಿದೆಯಾ?" ಎಂದರು ಡಾಕ್ಟರು. ದನಿ ತಗ್ಗಿತ್ತು.

"ಕಾಲು ವಾಸಿಯಾಗೈತೆ."

"ಸಕ್ಕರೆ ಮಾತ್ರೆ ಮುಗೀತಾ?"

"ಐತೆ."

"ಮತ್ತೇನು?"

"ನೆಗಡಿ."

ಡಾಕ್ಟರು ಅವಳ ಮುಖ ನೋಡಿದರು. ಕೋಲು ನೋಡಿದರು. "ನೆಗಡಿಗೆ ಇಷ್ಟು ದೂರ ಬಂದ್ಯಾ?"

"ಹೂಂ ಡಾಕ್ಟ್ರೆ. ನೆಗಡಿಗೇ ಬಂದಿವ್ನಿ. ಎಲ್ಡು ದಿನದಿಂದ ಮೂಗು ಸೋರ್ತಾ ಐತೆ. ನೋಡಿ."

ಕೈ ಮುಗಿಯಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಡಾಕ್ಟರು ಸ್ಟೆತಸ್ಕೋಪು ತೆಗೆದು ಅವಳ ಬೆನ್ನಿಗೆ ಇಟ್ಟರು. ಉಸಿರು ಎಳೆದುಕೊ ಎಂದರು. ಎಳೆದುಕೊಂಡಳು. ಇನ್ನೊಮ್ಮೆ ಎಂದರು. ಅವಳು ಎದೆ ತುಂಬ ಎಳೆದುಕೊಂಡಳು.

ಮಾತ್ರೆ ಬರೆದರು. "ಮೂರು ದಿನಕ್ಕೆ ಹೋಗುತ್ತೆ."

"ಹೋಗ್ದಿದ್ರೆ ಮತ್ತೆ ಬತ್ತೀನಿ," ಎಂದಳು ಚೌಡತ್ತೆ.

ಈಚೆ ಬಂದಾಗ ಮೆಟ್ಟಿಲ ಬಳಿ ನಾನು ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು. ಹಿಡಿಯಲಿಲ್ಲ. ಕೋಲು ಊರಿಕೊಂಡು ತಾನೇ ಇಳಿದಳು.